ತವರಿನ ಕಾರು

ತನುಜಾಳ ತವರು ಹುಲಗೋಳ. ಕಾನಸೂರಿಗೆ ಮದುವೆಯಾಗಿ ಬಂದು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಅಪ್ಪ ತೀರಿಕೊಂಡ ಮೇಲೆ ಅಣ್ಣ ದರ್ಶನ ಅವಳನ್ನು ಸಿರಸಿಗೆ ಕರೆದೊಯ್ದು, ಜಮೀನಿನಲ್ಲಿ ಪಾಲು ಬೇಡವೆಂದು ಸಹಿ ಹಾಕಿಸಿಕೊಂಡ. ನಮ್ಮ ಕಡೆ ಇದೇನು ಹೊಸತಲ್ಲ. ಪಾಲು ಕೇಳಿದವಳಿಗೆ ತವರಿಲ್ಲ, ತವರು ಬೇಕಾದವಳಿಗೆ ಪಾಲಿಲ್ಲ. ದರ್ಶನ ಮಾತ್ರ ಮಹಾ ಉದಾರಿ. ಹೇಗೂ ತನಗೆ ಹೊಸ ಕಾರು ಬರುವುದಿತ್ತು, ಹಳೆಯದನ್ನು ತಂಗಿಯ ಹೆಸರಿಗೆ ಮಾಡಿಸಿಕೊಟ್ಟ.

ಆರ್‌ಸಿ ಕಾರ್ಡಿನಲ್ಲಿ ತನ್ನ ಹೆಸರು ನೋಡಿ ತನುಜಾ ಹಿಗ್ಗಿದಳು. ಅಂಗಡಿಗೆ ಬಂದವರಿಗೆಲ್ಲ ತೋರಿಸಿದಳು. ಗಂಡ ನಂದನನಿಗೆ ಮಾತ್ರ ಒಂದು ಅನುಮಾನ.

"ಆರ್‌ಸಿ ನಿನ್ನ ಹೆಸ್ರಿಗೆ ಬಂತು ಸರಿ. ವಿಮೆ ಯಾರ ಹೆಸ್ರಲ್ಲಿ ಅದೆ? ಒಂದ್ಸಲ ಕೇಳು."

"ವಿಮೆದು ನಾ ನೋಡ್ಕಳ್ತೀನಿ ಅಂದಾನೆ ಅಣ್ಣ. ತವರಿನೋರು ಕೊಟ್ಟಿದ್ದನ್ನ ತೂಗಿ ನೋಡೂದು ಎಂತಕ್ಕೆ?" ಎಂದು ಸಿಡುಕಿದಳು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎಂದು ಕೇಳಿಯೇ ಬೆಳೆದವಳು. ಆ ಗಾದೆ ಕಟ್ಟಿದವರು ಆಕಳು ಕೊಟ್ಟವರೇ ಇರಬೇಕು.

ಹೊಲಿದ ಬಟ್ಟೆ ಕೊಡಲು ಕಾರಿನಲ್ಲಿ ದಾಸನಕೊಪ್ಪಕ್ಕೆ ಹೊರಟಿದ್ದ ಒಂದು ಬೆಳಿಗ್ಗೆ ತಿರುವಿನಲ್ಲಿ ದನ ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ, ಸೈಕಲ್ ಮೇಲೆ ಬರುತ್ತಿದ್ದ ದಾಸನಕೊಪ್ಪದ ಬೈರನಿಗೆ ಗುದ್ದಿದಳು. ಬೈರ ಅಡಿಕೆ ಮರ ಹತ್ತಿ ಗೊನೆ ಕೊಯ್ಯುವವನು. ಮುರಿದದ್ದು ಅವನ ಕಾಲು. ಇನ್ನು ಮರ ಹತ್ತುವುದನ್ನು ಮರೆತುಬಿಡಬೇಕು ಎಂದರು ಆಸ್ಪತ್ರೆಯಲ್ಲಿ.

ಬೈರನ ಹೆಂಡತಿ ಸುಬ್ಬಿ ಬಾಯಿಗೆ ಸೆರಗು ಹಿಡಿದು ಗೋಡೆಗೆ ಒರಗಿದ್ದಳು. ತನುಜಾ ಅವಳ ಕೈ ಹಿಡಿದು, "ತಪ್ಪು ನಂದೇ. ಆದ್ರೆ ಹೆದರಬ್ಯಾಡ ಸುಬ್ಬಿ. ಗಾಡಿಗೆ ವಿಮೆ ಅದೆ. ಪರಿಹಾರ ಸಿಕ್ಕೇ ಸಿಕ್ತದೆ" ಎಂದಳು. ಸುಬ್ಬಿ ಆ ಮಾತನ್ನು ನಂಬಿದಳು.

ಸಿರಸಿಯ ವಿಮಾ ಕಚೇರಿಯಲ್ಲಿ ಗುಮಾಸ್ತ ಗಾಡಿಯ ನಂಬರು ಒತ್ತಿ ನೋಡಿ ತಲೆ ಅಲ್ಲಾಡಿಸಿದ.

"ಇದ್ರ ವಿಮೆ ಮುಗಿದುಹೋಗಿದೆಯಲ್ಲಮ್ಮ. ರಿನ್ಯೂ ಮಾಡಿಸಿ ಅಂತ ಮೆಸೇಜು ಹಳೇ ಮಾಲೀಕರ ಮೊಬೈಲಿಗೆ ಹೋಗಿದೆ. ಆರ್‌ಸಿ ಬದಲಾದ ಕೂಡ್ಲೇ ವಿಮೆಯಲ್ಲೂ ಹೆಸರು ಬದಲಿಸಬೇಕಿತ್ತು. ಬದಲಿಸಿದ್ರೆ ನಿಮಗೇ ಮೆಸೇಜು ಬರ್ತಿತ್ತು."

"ಅಣ್ಣ ನೋಡ್ಕಳ್ತೀನಿ ಅಂದಿದ್ದ."

"ಅವರು ಬಂದಿದ್ರು. ಹಳೇ ಗಾಡಿ ಮಾರಿದೀನಿ ಅಂತ ಹೇಳಿ, ಇಷ್ಟು ವರ್ಷ ಕ್ಲೇಮ್ ಮಾಡದೇ ಇದ್ದ ರಿಯಾಯಿತಿನ ಹೊಸ ಕಾರಿನ ವಿಮೆಗೆ ಹಾಕಿಸ್ಕೊಂಡು ಹೋದ್ರು."

"ಈಗ ಬೈರಂಗೆ ಕೊಡೂದು ಯಾರು?"

"ಆರ್‌ಸಿ ಯಾರ ಹೆಸರಲ್ಲಿದೆಯೋ ಅವರು."

ಅಷ್ಟು ಆಸೆಯಿಂದ ಊರಿಗೆಲ್ಲ ತೋರಿಸಿದ್ದ ಹೆಸರು. ಕಾರು ಪೊಲೀಸ್ ಠಾಣೆಯಲ್ಲಿತ್ತು. ತನುಜಾ ಬಸ್ಸು ಹತ್ತಿ ಹುಲಗೋಳಕ್ಕೆ ಹೋದಳು.

ಅಂಗಳದಲ್ಲಿ ದರ್ಶನ ಹೊಸ ಕಾರು ಒರೆಸುತ್ತಿದ್ದ. ಅವಳು ಹೇಳಿದ್ದೆಲ್ಲ ಕೇಳಿ, "ಗಾಡಿ ನಿಂದಾದ್ಮೇಲೆ ವಿಮೆ ನೀ ನೋಡ್ಕಬೇಕಿತ್ತು. ಬಿಟ್ಟಿ ಕೊಟ್ಟಿದ್ದೇ ತಪ್ಪಾಯ್ತೇನು?" ಎಂದ.

"ಬಿಟ್ಟಿ ಅಲ್ಲ ಅಣ್ಣ. ಸಹಿ ಹಾಕಿ ತಗಂಡಿದ್ದು."

ಜಗುಲಿಯಲ್ಲಿದ್ದ ಅವ್ವ ದ್ಯಾವಮ್ಮ ನಡುವೆ ಬಾಯಿ ಹಾಕಿದಳು. "ಕೊಟ್ಟ ಹೆಣ್ಣು ತವರಿಗೆ ಬಂದು ಹಿಂಗೆಲ್ಲ ಮಾತಾಡಬಾರ್ದು ಮಗಾ. ನಾಳೆ ನಿಂಗೆ ಯಾರದಾರೆ?"

ಯಾರಿದ್ದಾರೆ ಎಂಬುದು ತನುಜಾಳಿಗೆ ಆಗಲೇ ಗೊತ್ತಾಗಿತ್ತು. ಹೊರಟು ನಿಂತಳು. ಎಷ್ಟೇ ಸಿಟ್ಟಿದ್ದರೂ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸುವ ಮನೆಯಲ್ಲ ಅದು. ದ್ಯಾವಮ್ಮ ಒಳಗಿನಿಂದ ಕುಂಕುಮ, ಮಡಿಸಿದ ರವಿಕೆ ಖಣ ತಂದುಕೊಟ್ಟಳು. ಇಷ್ಟು ವರ್ಷ ಅದನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ತನುಜಾ, ಎಲ್ಲರ ಎದುರೇ ಖಣ ಬಿಡಿಸಿ ಗೇಣು ಹಾಕಿ ಅಳೆದಳು.

"ಇದ್ರಲ್ಲಿ ರವಿಕೆ ಆಗೂದಿಲ್ಲ ಅವ್ವ."

ಮತ್ತೆ ಮಡಿಸಿ ಹೊಸ ಕಾರಿನ ಬಾನೆಟ್ಟಿನ ಮೇಲಿಟ್ಟು ನಡೆದಳು.

ಸಿರಸಿಗೆ ಬಂದು ಕಾನಸೂರಿನ ಬಸ್ಸು ಹತ್ತದೆ ದಾಸನಕೊಪ್ಪದ ಬಸ್ಸು ಹತ್ತಿದಳು. ಸುಬ್ಬಿಗೆ ಹೇಳಬೇಕಿತ್ತು. ಹೆದರಬ್ಯಾಡ ಎಂದು ಕೈ ಹಿಡಿದು ಹೇಳಿದವಳು ತನುಜಾಳೇ.