ಕೊನೆಯ ರೀಲಿಗೆ ಧ್ವನಿ

ಡಬ್ಬಿಂಗ್ ಕೋಣೆಯ ದಪ್ಪ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಉದ್ದ ಒಳಗೆ ಬರುವಷ್ಟರಲ್ಲಿ ಗಿಡ್ಡ ಆಗಲೇ ಬಂದು ಕೂತಾಗಿತ್ತು. ಹತ್ತು ಗಂಟೆಗೆ ಬನ್ನಿ ಅಂದಿದ್ದರು. ಒಂಬತ್ತೂಕಾಲಿಗೇ ಬಂದು, ಗಿಡ್ಡನನ್ನು ಹೊರಗಿನ ಬೆಂಚಿನ ಮೇಲೆ ಹಿಡಿದು ಕೂರಿಸಿ, ಹೇಳಬೇಕಾದ್ದನ್ನು ಹೇಳಿ ಮುಗಿಸಿಬಿಡಬೇಕು ಎಂದು ಉದ್ದ ನಾಲ್ಕು ದಿನದಿಂದ ಮನಸ್ಸಿನಲ್ಲೇ ತಾಲೀಮು ಮಾಡಿದ್ದ. ಗಿಡ್ಡ ಪರದೆಯ ಮೇಲೆ ಆ ದೃಶ್ಯ ನೋಡುವ ಮೊದಲೇ ತನ್ನ ಬಾಯಿಂದ ಅದನ್ನು ಕೇಳಬೇಕು, ಇಲ್ಲದಿದ್ದರೆ ಹೇಳಿಯೂ ಪ್ರಯೋಜನವಿಲ್ಲ ಎನ್ನುವುದು ಅವನ ಹಟ.

ಗಿಡ್ಡ ಹೆಡ್‌ಫೋನನ್ನು ಕತ್ತಿಗೆ ನೇತುಹಾಕಿಕೊಂಡು ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಕುಡಿಯುತ್ತಿದ್ದ. ಗಾಜಿನ ಆಚೆ ಕೂತಿದ್ದ ಸೌಂಡ್ ಎಂಜಿನಿಯರ್ ಹುಡುಗಿ ಅವನು ಹೇಳಿದ ಯಾವುದೋ ಮಾತಿಗೆ ಇನ್ನೂ ನಗುತ್ತಿದ್ದಳು.

“ಏನೋ ಉದ್ದ, ಬಾಗಿಲಿಗೆ ತಲೆ ತಾಗಲಿಲ್ವಾ?”

ಮಾತು ಅದೇ, ಧ್ವನಿ ಅದಲ್ಲ. ಒಣಗಿದ ಎಲೆಯನ್ನು ಯಾರೋ ಗುಡಿಸಿದ ಹಾಗೆ ಕೇಳಿಸಿತು. ಉದ್ದ ಇದನ್ನು ಇಪ್ಪತ್ತಾರು ವರ್ಷಗಳಲ್ಲಿ ಬೇರೆಯವರ ಮದುವೆ, ಸಾವುಗಳಲ್ಲಿ ನಾಲ್ಕೈದು ಸಲ ದೂರದಿಂದ ಕೇಳಿದ್ದನೇ ಹೊರತು ಹೀಗೆ ಎದುರುಬದುರು ಕೂತು ಕೇಳಿರಲಿಲ್ಲ. “ಬಗ್ಗಿ ಬಂದೆ,” ಎಂದ.

ಒಂದು ಕಾಲದಲ್ಲಿ ಸಿನಿಮಾ ನೋಡುವವರಿಗೆಲ್ಲ ಇವರಿಬ್ಬರು ಉದ್ದ-ಗಿಡ್ಡ. ಬಾಡಿಗೆ ಹಂತಕರ ಜೋಡಿ. ಐದು ಸಿನಿಮಾಗಳಲ್ಲಿ ಅದೇ ಕೆಲಸ. ಖಳನಾಯಕ ಫೋನು ಮಾಡುತ್ತಾನೆ, ಹಳೆಯ ಕಾರೊಂದು ಬಂದು ನಿಲ್ಲುತ್ತದೆ, ಇವರು ಇಳಿಯುತ್ತಾರೆ. ಗಿಡ್ಡ ಸಾಯಬೇಕಾದವನ ಪಕ್ಕ ಕೂತು ಅವನ ಹೆಂಡತಿ ಮಕ್ಕಳನ್ನೆಲ್ಲ ವಿಚಾರಿಸಿಕೊಂಡು, ತನ್ನ ಮಂಡಿನೋವಿನ ಕಥೆ ಹೇಳಿ, ಒಂದು ಲೋಟ ನೀರು ಕೇಳಿ ಕುಡಿಯುತ್ತಾನೆ. ಅಷ್ಟು ಹೊತ್ತೂ ಉದ್ದ ಬಾಯಿಗೆ ಬೀಗ ಹಾಕಿಕೊಂಡು ಹಿಂದೆ ನಿಂತಿರುತ್ತಾನೆ. ಜನ ಗಿಡ್ಡನ ಮಾತಿಗೆ ನಗುತ್ತ ನಗುತ್ತಲೇ ಉದ್ದನ ಕೈಯನ್ನು ನೋಡಿ ಹೆದರುತ್ತಿದ್ದರು. ಪರದೆಯ ಮೇಲೆ ನಲವತ್ತೊಂದು ಜನರನ್ನು ಮುಗಿಸಿದ್ದ ಈ ಮಹಾಶಯ, ಕೊಳೆತ ಟೊಮೆಟೊ ವಾಪಸ್ ಕೊಟ್ಟು ಬಾ ಎಂದು ಹೆಂಡತಿ ಕಳಿಸಿದರೆ ಅಂಗಡಿಯ ಮುಂದೆ ಎರಡು ಸುತ್ತು ಹಾಕಿ, ಟೊಮೆಟೊವನ್ನು ಚರಂಡಿಗೆ ಹಾಕಿ ಬರುತ್ತಿದ್ದ.

ಗಿಡ್ಡನಿಗೆ ನಟನೆ ಉಪಕಸುಬು. ಅವನ ಮನೆ ನಡೆಯುತ್ತಿದ್ದದ್ದು ಗಂಟಲಿನಿಂದ. ಆ ಕಾಲದಲ್ಲಿ ಎಲ್ಲ ಸಿನಿಮಾಗಳಿಗೂ ಧ್ವನಿಯನ್ನು ಆಮೇಲೆ ಸೇರಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವನು ಇಂಥದೇ ಕೋಣೆಗಳಲ್ಲಿ ನಿಂತು ಪೊಲೀಸರಿಗೆ, ಮುದುಕರಿಗೆ, ಒಮ್ಮೆ ಒಂದು ಗಿಳಿಗೂ ಧ್ವನಿ ಕೊಟ್ಟವನು. ಒಂದು ಸಿನಿಮಾದಲ್ಲಿ ಮಾವನಿಗೂ ಅಳಿಯನಿಗೂ ಅವನದೇ ಧ್ವನಿ. ಇಬ್ಬರೂ ಜಗಳವಾಡುವ ದೃಶ್ಯಕ್ಕೆ ಅವನೊಬ್ಬನೇ ಮೈಕಿನ ಮುಂದೆ ನಿಂತು ತನಗೆ ತಾನೇ ಅರ್ಧ ಗಂಟೆ ಬೈದುಕೊಂಡಿದ್ದ.

ಆರನೇ ಸಿನಿಮಾದ ಕೊನೆಯ ರೀಲಿನಲ್ಲಿ ಖಳನಾಯಕ ಉದ್ದನನ್ನು ಕರೆದು ಗಿಡ್ಡನನ್ನೇ ಮುಗಿಸು ಅನ್ನುತ್ತಾನೆ. ಆ ಸಿನಿಮಾವನ್ನೇ ಈಗ ಶುಚಿಮಾಡಿ ಮತ್ತೆ ಬಿಡುಗಡೆ ಮಾಡಲು ಹೊರಟಿದ್ದಾರೆ. ಚಿತ್ರ ಉಳಿದಿದೆ, ಆದರೆ ಕೊನೆಯ ರೀಲಿನ ಧ್ವನಿಗೆ ಬೂಷ್ಟು ಹಿಡಿದು ಹಾಳಾಗಿದೆ. ಗಿಡ್ಡನ ಭಾಗಕ್ಕೆ ಬೇರೆ ಯಾರನ್ನಾದರೂ ಕರೆಸುತ್ತೇವೆ ಎಂದರೆ ಅವನು ಒಪ್ಪಲಿಲ್ಲವಂತೆ. “ಆವಾಗ ನಾನು ಆಸ್ಪತ್ರೇಲಿದ್ದೆ, ನನ್ನ ಸಾವಿಗೆ ಇನ್ಯಾರೋ ಕೂಗಿದ್ರು. ಈ ಸಲ ನಾನೇ ಇದ್ದೀನಲ್ಲ,” ಎಂದನಂತೆ.

ಆಸ್ಪತ್ರೆಗೆ ಸೇರಿಸಿದವನು ಉದ್ದನೇ. ಕತ್ತಿಗೆ ಹಗ್ಗ ಬಿಗಿಯುವ ದೃಶ್ಯಗಳಿಗೆ ಸಾಹಸ ನಿರ್ದೇಶಕ ಒಂದು ನಿಯಮ ಮಾಡಿದ್ದ. ಸಾಯುವವನು ಕೊಲ್ಲುವವನ ಮೊಣಕಾಲಿನ ಮೇಲೆ ಎರಡು ಸಲ ತಟ್ಟಿದರೆ ತಕ್ಷಣ ಬಿಡಬೇಕು. ದೇವರೇ ಬಂದು ಇನ್ನೊಂದು ನಿಮಿಷ ತಡಿ ಅಂದರೂ ಬಿಡಬೇಕು. ಐದು ಸಿನಿಮಾಗಳಲ್ಲೂ ಉದ್ದ ಬಿಟ್ಟಿದ್ದ. ಆ ದಿನ ಮೂರನೇ ಟೇಕು. ಹಗ್ಗದೊಳಗೆ ಬೆರಳು ತೂರಿಸಿಕೊಳ್ಳುವುದು ಬೇಡ, ಕ್ಲೋಸಪ್‌ನಲ್ಲಿ ಕಾಣುತ್ತದೆ ಎಂದು ನಿರ್ದೇಶಕ ಹೇಳಿದ್ದ. ಕಿಟಕಿಯ ಬೆಳಕು ಇಳಿಯುತ್ತಿತ್ತು. ಗಿಡ್ಡ ಎರಡು ಸಲ ತಟ್ಟಿದ. ಉದ್ದ ಆ ಕೈಯನ್ನು ನೋಡಿದ. ಟೇಕು ಚೆನ್ನಾಗಿ ಬರುತ್ತಿದೆ, ನಿರ್ದೇಶಕ ಇನ್ನೂ ಕಟ್ ಅಂದಿಲ್ಲ, ಇನ್ನೊಂದೇ ಕ್ಷಣ ಅಂದುಕೊಂಡ. ಗಿಡ್ಡ ಮತ್ತೆ ಎರಡು ಸಲ ತಟ್ಟಿದ. ಒಟ್ಟು ನಾಲ್ಕು ಸೆಕೆಂಡು.

ಗಂಟಲೊಳಗಿನ ಮೃದು ಎಲುಬು ಮುರಿದಿದೆ ಎಂದರು ಡಾಕ್ಟರು. ತಟ್ಟಿದ್ದು ಗೊತ್ತಾಗಲಿಲ್ಲ, ಒದ್ದಾಡಿದ್ದು ನಟನೆ ಅಂದುಕೊಂಡೆ ಎಂದ ಉದ್ದ, ಎಲ್ಲರಿಗೂ. ಎಲ್ಲರೂ ನಂಬಿದರು. ಆದರೆ ತನ್ನ ಭಾಗಕ್ಕೆ ಧ್ವನಿ ಕೊಡಲು ಹೋದಾಗ ಪರದೆಯ ಮೇಲೆ ತನ್ನ ಕಣ್ಣು ಗಿಡ್ಡನ ಕೈಯತ್ತ ಇಳಿದು ಮತ್ತೆ ಮೇಲೇಳುವುದನ್ನು ಅವನು ಕಂಡ. ಅದನ್ನು ಕತ್ತರಿಸಿ ಎಂದು ಸಂಕಲನಕಾರನಿಗೆ ದುಂಬಾಲು ಬಿದ್ದ. ಶಾಟಿನ ಜೀವವೇ ಅದು, ಹುಚ್ಚಾ ನಿನಗೆ ಎಂದು ಅವನು ಅಟ್ಟಿದ. ಪತ್ರಿಕೆಗಳು ಆ ನೋಟವನ್ನೇ ಕೊಂಡಾಡಿದವು: ಕೊಲೆಗಾರನಲ್ಲಿ ಮನುಷ್ಯ ಇಣುಕಿ ನೋಡಿದ ಒಂದೇ ಗಳಿಗೆ, ಎಂದು ಬರೆದವು. ಉದ್ದನಿಗೆ ಒಂದರ ಮೇಲೊಂದು ಪಾತ್ರ ಬಂತು. ಅವನು ಗಿಡ್ಡನ ಮನೆಗೆ ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೋಗಿ, ಕೊನೆಗೆ ಹೋಗುವುದನ್ನೇ ಬಿಟ್ಟ. ಗಿಡ್ಡ ಆ ಸಿನಿಮಾ ನೋಡಿಲ್ಲ ಎಂದೇ ನಂಬಿಕೊಂಡಿದ್ದ. ನಿರ್ದೇಶಕರಿಗೆ ಗುಟ್ಟಾಗಿ ಹೇಳಿ ಗಿಡ್ಡನಿಗೆ ಹೆಣದ ಪಾತ್ರಗಳನ್ನು ಕೊಡಿಸುತ್ತಿದ್ದ. ಹೆಣಕ್ಕೆ ಧ್ವನಿ ಬೇಡವಲ್ಲ.

“ಗಿಡ್ಡ, ಶುರು ಮಾಡೋ ಮುಂಚೆ ಒಂದು ನಿಮಿಷ ಹೊರಗೆ ಬರ್ತೀಯಾ?” ಎಂದ ಈಗ.

“ಹೊರಗೆ ಧೂಳು. ಡಾಕ್ಟರು ಬೈತಾರೆ. ಇಲ್ಲೇ ಹೇಳು.”

“ಏನಿಲ್ಲ, ಟೀ ಕುಡಿಯೋಣ ಅಂತ.”

“ಮುಗಿಸಿ ಕುಡಿಯೋಣ ತಗೋ. ಪಾಪ, ಆ ಮಗು ಬೆಳಿಗ್ಗೆ ಏಳಕ್ಕೇ ಬಂದು ಕೂತಿದೆ.”

ಗಾಜಿನಾಚೆಯ ಹುಡುಗಿ ದೀಪ ತಗ್ಗಿಸಿದಳು. ಪರದೆಯ ಮೇಲೆ ಒಂದು ಕೋಣೆ, ಒಂದು ಮೇಜು, ಕಿಟಕಿಗೆ ಬೆನ್ನು ಹಾಕಿ ಕೂತ ಗಿಡ್ಡ. ತಲೆತುಂಬ ಕೂದಲಿನ, ನಲವತ್ತರ ಒಳಗಿನ ಗಿಡ್ಡ. ಬಾಗಿಲಲ್ಲಿ ಉದ್ದ ಕಾಣಿಸಿಕೊಳ್ಳುತ್ತಾನೆ. ಇಲ್ಲಿ ಗಿಡ್ಡನಿಗೆ ಒಂದೇ ಮಾತು.

ಗಿಡ್ಡ ಮೈಕಿನ ಮುಂದೆ ಪಾದಗಳನ್ನು ಅಗಲಿಸಿ ನಿಂತ. ಹೆಡ್‌ಫೋನಿನ ಒಂದು ಕಿವಿಯನ್ನು ಹಿಂದಕ್ಕೆ ಸರಿಸಿದ; ಹಳೆಯ ಅಭ್ಯಾಸ. ಚಿತ್ರದ ತುಟಿ ಅಲುಗುವ ಹೊತ್ತಿಗೆ ಸರಿಯಾಗಿ ಉಸಿರು ತೆಗೆದುಕೊಂಡು, “ನೀನೇ ಬಂದ್ಯಾ? ನಾನು ಬೇರೆ ಯಾರನ್ನೋ ಕಳಿಸ್ತಾರೆ ಅಂದ್ಕೊಂಡಿದ್ದೆ,” ಎಂದ.

“ಸರ್, ಒಂದೇ ಟೇಕಲ್ಲಿ ಓಕೆ,” ಸ್ಪೀಕರಿನಲ್ಲಿ ಹುಡುಗಿಯ ದನಿ ಬಂತು. “ನಿಜ ಹೇಳ್ತೀನಿ, ಈ ಸೀನಿಗೆ ಈ ಗಂಟಲೇ ಚೆನ್ನಾಗಿದೆ.”

“ನೋಡಿದ್ಯಾ?” ಎಂದು ಗಿಡ್ಡ ಉದ್ದನ ಕಡೆ ತಿರುಗಿದ. ಅವನ ಮುಖದಲ್ಲಿ ಹುಡುಗನಂಥ ಖುಷಿಯಿತ್ತು. ಉದ್ದ ತಲೆ ತಗ್ಗಿಸಿ ಕಾಗದ ನೋಡುವ ನಾಟಕ ಮಾಡಿದ.

ಆಮೇಲೆ ಹಗ್ಗ. ಆ ತುಣುಕನ್ನು ಹುಡುಗಿ ಮತ್ತೆ ಮತ್ತೆ ಓಡಿಸಿದಳು. ಗಿಡ್ಡ ಉಸಿರು ಕಟ್ಟಿದ, ಎಳೆದ, ಬಿಕ್ಕಿದ. ಕುತ್ತಿಗೆಯ ನರಗಳು ಉಬ್ಬಿದವು. ಉದ್ದ ತನ್ನ ಸರದಿಗೆ ಹೂಂಕರಿಸಬೇಕಿತ್ತು. ಎರಡು ಸಲ ತಪ್ಪಿದ, ಮೂರನೇ ಸಲ ಹೇಗೋ ಆಯಿತು. ಪ್ರತಿ ಸಲವೂ ಪರದೆಯ ಮೇಲಿನ ಅವನ ಕಣ್ಣು ಕೆಳಗಿಳಿಯಿತು, ಮೇಲೆದ್ದಿತು, ಕೈ ಬಿಡಲಿಲ್ಲ. ಇಷ್ಟು ದೊಡ್ಡದಾಗಿ, ಇಷ್ಟು ಶುಚಿಯಾಗಿ ಅವನು ಅದನ್ನು ಎಂದೂ ನೋಡಿರಲಿಲ್ಲ.

“ಸರ್, ಒಂದು ಡೌಟು,” ಎಂದಳು ಹುಡುಗಿ. “ಇಲ್ಲಿ ಗಿಡ್ಡ ಸರ್ ಕೈ ನಿಮ್ಮ ಮೊಣಕಾಲಿಗೆ ತಟ್ಟುತ್ತಲ್ಲ. ಹಳೇ ಧ್ವನಿಪಟ್ಟಿಯ ಕಾಗದದಲ್ಲಿ ಅದರ ಸದ್ದು ಬರೆದೇ ಇಲ್ಲ. ಹಾಕಬೇಕಾ?”

ಉದ್ದ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗಿಡ್ಡ, “ಹಾಕಮ್ಮ,” ಎಂದ. “ಎರಡು ಸಲ. ಆಮೇಲೆ ಇನ್ನೆರಡು ಸಲ.” ಮೈಕನ್ನು ಬಗ್ಗಿಸಿ ಕುರ್ಚಿಯ ಮಟ್ಟಕ್ಕೆ ತಂದ. “ಬಾರೋ, ಕೂತ್ಕೋ. ನಿನ್ನ ಮೊಣಕಾಲು ಬೇಕು.”

ಉದ್ದ ಕೂತ. ಗಿಡ್ಡ ಪಕ್ಕದಲ್ಲಿ ಮೊಣಕಾಲೂರಿ, ಪರದೆಯ ಮೇಲೆ ಕಣ್ಣು ನೆಟ್ಟು, ಕೈಯನ್ನು ಎತ್ತಿ ಹಿಡಿದ. ತುಣುಕು ಶುರುವಾಯಿತು. ಪ್ಯಾಂಟಿನ ಬಟ್ಟೆಯ ಮೇಲೆ ಎರಡು ಸಲ ತಟ್ಟಿದ.

“ನಾನು ನೋಡಿದ್ದೆ ಕಣೋ,” ಎಂದ ಉದ್ದ. “ಆವತ್ತು. ನೀನು ತಟ್ಟಿದ್ದು ಗೊತ್ತಾಗಿತ್ತು.”

“ಸರ್, ದಯವಿಟ್ಟು,” ಎಂದಳು ಸ್ಪೀಕರಿನಲ್ಲಿ ಹುಡುಗಿ. “ಮಾತು ಸೇರ್ಕೊಂಡ್ಬಿಡ್ತು. ಅದನ್ನ ಅಳಿಸಿದೀನಿ. ಇನ್ನೊಂದು ಸಲ ಮಾಡೋಣ್ವಾ?”

ಇನ್ನೊಂದು ಸಲ ಮಾಡಿದರು. ಎರಡು ಸಲ, ಸ್ವಲ್ಪ ಬಿಟ್ಟು ಮತ್ತೆರಡು ಸಲ. ಸರಿಯಾಗಿದೆ ಎಂದು ಹೇಳಿ ಹುಡುಗಿ ನಿರ್ದೇಶಕರಿಗೆ ಫೋನು ಮಾಡಲು ಎದ್ದು ಹೋದಳು.

ಗಿಡ್ಡ ಕುರ್ಚಿಯ ಹಿಡಿಕೆ ಹಿಡಿದು ಮೇಲೆದ್ದು, ಎದುರಿನ ಸ್ಟೂಲಿನ ಮೇಲೆ ಕೂತು ಬಿಸಿನೀರು ಬಗ್ಗಿಸಿಕೊಂಡ. ಆ ಕೋಣೆಯ ಗೋಡೆಗಳು ಹೊರಗಿನ ಸದ್ದನ್ನೆಲ್ಲ ತಡೆದಿದ್ದವು. ಅವನು ಪಿಸುಗುಟ್ಟಿದರೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿತ್ತು.

“ಬಿಡುಗಡೆ ಆದ ಮೊದಲನೇ ವಾರದಲ್ಲೇ ನೋಡಿದೆ ನಾನು, ನಿನ್ನ ಕಣ್ಣು ಕೆಳಗಿಳಿದದ್ದನ್ನ. ನಿಮ್ಮತ್ತಿಗೆ ಪಕ್ಕದಲ್ಲೇ ಇದ್ದಳು. ಅವಳಿಗೆ ತಿಳೀಲಿಲ್ಲ, ನಾನು ಹೇಳಲೂ ಇಲ್ಲ.”

“ಗೊತ್ತಿದ್ದೂ ಒಂದು ಮಾತು ಕೇಳಲಿಲ್ಲವಲ್ಲೋ.”

“ಏನು ಕೇಳೋದು? ಟೇಕು ಚೆನ್ನಾಗಿ ಬರ್ತಿತ್ತು. ನನಗೂ ಗೊತ್ತಾಗ್ತಿತ್ತು. ಅದಕ್ಕೇ ತಟ್ಟೋದನ್ನ ನಾನೂ ಒಂದು ಗಳಿಗೆ ತಡ ಮಾಡಿದೆ. ಇಬ್ಬರೂ ಒಂದೇ ಜಾತಿ ಕತ್ತೆಗಳು.” ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೂ ಕಾದು ಹೇಳಿದ: “ಗಂಟಲು ನಾಲ್ಕು ಸೆಕೆಂಡಲ್ಲಿ ಹೋಯ್ತು. ಅದನ್ನ ಯಾವತ್ತೋ ಹೊಟ್ಟೆಗೆ ಹಾಕ್ಕೊಂಡೆ. ನೀನು ಬರೋದು ಯಾಕೆ ಬಿಟ್ಟೆ?”

ಉದ್ದ ನಾಚಿಕೆ ಅನ್ನಬಹುದಿತ್ತು, ಭಯ ಅನ್ನಬಹುದಿತ್ತು. ಎರಡೂ ನಿಜವೇ, ಎರಡೂ ಆ ಕೋಣೆಯಲ್ಲಿ ತೀರ ಸಣ್ಣ ಮಾತುಗಳಾಗಿ ಕಂಡವು.

“ಎರಡು ವರ್ಷ ಬಾಯಿ ಬಿಡಬಾರದು ಅಂದಿದ್ರು,” ಎಂದ ಗಿಡ್ಡ. “ಸ್ಲೇಟಿನ ಮೇಲೆ ಬರೀತಿದ್ದೆ. ಬಂದವರೆಲ್ಲ ಅದನ್ನ ಓದಿ ಅಯ್ಯೋ ಅನ್ನೋರು. ನನಗೆ ಸಾಕಾಗಿ ಹೋಗಿತ್ತು. ಉದ್ದ ಬಂದ್ರೆ ಸ್ಲೇಟೇ ಬೇಡ ಅಂತ ನಿಮ್ಮತ್ತಿಗೆಗೆ ಬರೆದು ತೋರಿಸ್ತಿದ್ದೆ. ನೀನು ಮೊದಲಿಂದಲೂ ಮಾತಾಡಿದವನಲ್ಲ. ಸುಮ್ನೆ ಬಂದು ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು.”

ಉದ್ದ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. “ಇನ್ಮೇಲೆ ಬರ್ತೀನಿ,” ಎಂದ. “ಭಾನುವಾರ ಬರ್ತೀನಿ.”

ಗಿಡ್ಡ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. “ಬೇಡ ಬಿಡೋ,” ಎಂದ. “ಈಗ ಅಭ್ಯಾಸ ಆಗ್ಬಿಟ್ಟಿದೆ.”

ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆ ಗಿಜಿಗುಡುತ್ತಿತ್ತು. ಸ್ಟುಡಿಯೋ ಗೇಟಿನ ಬಳಿ ಗಿಡ್ಡನ ಮಗಳು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಮೂವತ್ತರ ಆಸುಪಾಸಿನ, ಕಚೇರಿಯ ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆಯದೆ ಹಾಗೇ ಬಂದಿದ್ದ ಹೆಣ್ಣುಮಗಳು. ನಾಲ್ಕು ವರ್ಷದವಳಿದ್ದಾಗ ಉದ್ದನ ಹೆಗಲ ಮೇಲಿಂದ ಇಳಿಸಿದರೆ ಅಳುತ್ತಿದ್ದವಳು. ಮೇಲಿಂದ ಎಲ್ಲರ ಮನೆ ಒಳಗೂ ಕಾಣುತ್ತೆ ಮಾವ, ಅನ್ನುತ್ತಿದ್ದವಳು.

ಅವಳು ಉದ್ದನನ್ನು ನೋಡಿ ಕೈಮುಗಿದಳು. “ನಮಸ್ಕಾರ ಸರ್. ನಿಮ್ಮ ಸಿನಿಮಾ ಎಲ್ಲ ನೋಡಿದೀನಿ.”

“ನೀನು ಚಿಕ್ಕವಳಿದ್ದಾಗ ನಿಮ್ಮನೆಗೆ ಬರ್ತಿದ್ದೆ,” ಎಂದ ಉದ್ದ.

“ಹೌದಾ ಸರ್? ನನಗೆ ನೆನಪೇ ಇಲ್ಲ ನೋಡಿ.” ನಯವಾಗಿ ನಕ್ಕು, ಅಪ್ಪನ ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಮೆಲ್ಲಗೆ ಸಿಕ್ಕಿಸಿದಳು, ಗಂಟಲಿಗೆ ತಾಗದ ಹಾಗೆ ಒಂದು ಬೆರಳು ಅಡ್ಡವಿಟ್ಟು.

ಗಿಡ್ಡ ಉದ್ದನ ತೋಳು ಒಮ್ಮೆ ಹಿಡಿದು ಬಿಟ್ಟು, ಹಿಂದೆ ಹತ್ತಿ ಕೂತ. ಸ್ಕೂಟರ್ ಬಸ್ಸುಗಳ ನಡುವೆ ಸೇರಿಕೊಂಡಿತು. ಉದ್ದ ಗೇಟಿನ ಬಳಿಯೇ ನಿಂತು ನೋಡಿದ. ಸ್ವಲ್ಪ ದೂರ ಹೋಗಿ ಅದು ನಿಧಾನವಾಯಿತು. ಮಗಳು ತಲೆಯನ್ನು ಹಿಂದಕ್ಕೆ ವಾಲಿಸಿ, ಕಿವಿಯನ್ನು ಅಪ್ಪನ ಬಾಯಿಯ ಹತ್ತಿರ ತಂದು ಏನನ್ನೋ ಕೇಳಿಸಿಕೊಂಡಳು. ಮತ್ತೆ ಮುಂದೆ ಹೋಯಿತು. ತಿರುವಿನ ಹತ್ತಿರ ಮತ್ತೊಮ್ಮೆ ನಿಂತಿತು. ಹಿಂದಿನಿಂದ ಹಾರ್ನುಗಳು ಕೂಗುತ್ತಿದ್ದರೂ ಅವಳು ಅವಸರ ಮಾಡದೆ, ಕಾಲು ನೆಲಕ್ಕೂರಿ, ಅಪ್ಪ ಹೇಳಿ ಮುಗಿಸುವವರೆಗೂ ಹಾಗೇ ವಾಲಿಕೊಂಡಿದ್ದಳು.