ಬಲತೊಡೆಯ ಮೂಳೆ

ಮೈಸೂರಿನಲ್ಲಿ ಡಾಕ್ಟರಿಕೆ ಓದಿ 1971ರಲ್ಲಿ ಅಡಿಲೇಡ್‌ಗೆ ಬಂದ ಅಹಲ್ಯಾಗೆ ಸಿಕ್ಕಿದ್ದು ಸತ್ತವರ ಜೊತೆಗಿನ ಕೆಲಸ. ಅಲ್ಲಿನ ಒಂದು ಆಸ್ಪತ್ರೆಯ ಪ್ಯಾಥಾಲಜಿ ವಿಭಾಗದಲ್ಲಿ ದೇಹ ಕೊಯ್ದು ಸಾವಿಗೆ ಕಾರಣ ಹುಡುಕಬೇಕಿತ್ತು. ಮೊದಲ ವಾರದಲ್ಲೇ ಅವಳಿಗೆ ಅಲ್ಲಿನ ಒಂದು ಪದ್ಧತಿ ತೋರಿಸಿಕೊಟ್ಟರು. ಎಳೆಮಗುವಿನ ಪೋಸ್ಟ್ ಮಾರ್ಟಂ ಆದಾಗಲೆಲ್ಲ ಬಲತೊಡೆಯ ಮೂಳೆಯನ್ನು ಪೂರ್ತಿ ತೆಗೆದು, ನಂಬರ್ ಬರೆದ ಡಬ್ಬಿಗೆ ಹಾಕಬೇಕು. ಆ ಜಾಗದಲ್ಲಿ ಅಷ್ಟೇ ಉದ್ದದ ಮರದ ಕಡ್ಡಿ ಇಟ್ಟು ಹೊಲಿಯಬೇಕು. ಡಬ್ಬಿ ಸರ್ಕಾರದ ಲ್ಯಾಬಿಗೆ ಹೋಗುತ್ತಿತ್ತು.

"ತಂದೆತಾಯಿಗೆ ಹೇಳಿರ್ತೀವಾ?" ಎಂದು ಅವಳು ಒಮ್ಮೆ ವಿಭಾಗದ ಮುಖ್ಯಸ್ಥ ಡಾಕ್ಟರ್ ವಿಟ್‌ಕಾಂಬ್‌ರನ್ನು ಕೇಳಿದಳು.

ಆತ ಒರಟನಲ್ಲ. ಕುರ್ಚಿ ಎಳೆದು ಕೂರಿಸಿ, ಸಮಾಧಾನವಾಗಿ ವಿವರಿಸಿದ. ಹದಿನೈದಿಪ್ಪತ್ತು ವರ್ಷದ ಹಿಂದೆ ಇದೇ ರಾಜ್ಯದ ಮರುಭೂಮಿಯಲ್ಲಿ ಬ್ರಿಟಿಷರು ಅಣುಬಾಂಬ್ ಸಿಡಿಸಿದ್ದರು. ಅಮೆರಿಕ, ರಷ್ಯಾಗಳು ಬೇರೆ ಕಡೆ ಸಿಡಿಸಿದ್ದವು. ಆ ಬಾಂಬುಗಳಿಂದ ಹುಟ್ಟಿದ ಸ್ಟ್ರಾನ್ಷಿಯಂ ಎಂಬ ವಿಕಿರಣದ ವಿಷ ಮಳೆಯಲ್ಲಿ ಇಳಿದು, ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳ ಮೂಳೆಗೆ ಸೇರುತ್ತದೆ. ಎಷ್ಟು ಸೇರಿದೆ ಎಂದು ಯಾರಾದರೂ ಅಳೆಯಬೇಡವೇ? ಬಯಲಿನಲ್ಲಿ ಬಾಂಬ್ ಸಿಡಿಸುವುದನ್ನು ದೊಡ್ಡ ದೇಶಗಳು ನಿಲ್ಲಿಸಿದ್ದರ ಹಿಂದೆ ಇಂಥ ಲೆಕ್ಕಗಳದ್ದೂ ಪಾಲಿದೆ. ಮಗು ಕಳೆದುಕೊಂಡವರ ಮುಂದೆ ಹೋಗಿ ಮೂಳೆಯ ಮಾತು ಎತ್ತುವುದು ಕ್ರೌರ್ಯ.

ಅಹಲ್ಯಾ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ವರ್ಷದ ಕೊನೆಗೆ ಬರುವ ವರದಿಯ ಗ್ರಾಫಿನಲ್ಲಿ ಗೆರೆ ಕೆಳಗಿಳಿಯುತ್ತಿರುವುದನ್ನು ಕಂಡು ಹಿಗ್ಗುತ್ತಿದ್ದಳು. ಮಕ್ಕಳ ಮೂಳೆಯಲ್ಲಿ ವಿಷ ಕಡಿಮೆಯಾಗುತ್ತಿದೆ, ಅದನ್ನು ಜಗತ್ತಿಗೆ ತೋರಿಸುವ ಕೆಲಸದಲ್ಲಿ ತನ್ನದೂ ಒಂದು ಕೈ ಇದೆ ಎಂಬ ಹೆಮ್ಮೆ.

ಅಡಿಲೇಡ್‌ನಲ್ಲಿ ಕನ್ನಡದವರೆಂದರೆ ಆಗ ಬೆರಳೆಣಿಕೆ. ಬೆಡ್‌ಫರ್ಡ್ ಪಾರ್ಕ್ ಹತ್ತಿರ ಬಾಡಿಗೆ ಮನೆಯಲ್ಲಿದ್ದ ಡಾಕ್ಟರ್ ಲಿಂಗರಾಜ ಮತ್ತು ಅವನ ಹೆಂಡತಿ ನಾಗವೇಣಿ ನಂಜನಗೂಡಿನ ಕಡೆಯವರು. ಮದುವೆಯಾಗದ ಅಹಲ್ಯಾಗೆ ಭಾನುವಾರದ ಊಟ ಅವರ ಮನೆಯಲ್ಲೇ. ನಾಗವೇಣಿಗೆ ಅವಳು 'ಅಹಲ್ಯಕ್ಕ'. 1975ರ ಫೆಬ್ರವರಿಯಲ್ಲಿ ಹೆರಿಗೆಯಾದಾಗ ತಾಯಿಯ ಜಾಗದಲ್ಲಿ ನಿಂತು ಬಾಣಂತನ ಮಾಡಿದವಳೂ ಅವಳೇ. ಹೆಣ್ಣುಮಗು, ಕಮಲಾ ಎಂದು ಹೆಸರಿಟ್ಟರು. ನಾಗವೇಣಿ ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ತಿಕ್ಕಿ, ಕೈಕಾಲು ನೀವಿ, ನೀರು ಹಾಕುತ್ತಿದ್ದಳು.

ಜುಲೈ ತಿಂಗಳ ಒಂದು ಬೆಳಿಗ್ಗೆ ಹಾಗೆಯೇ ನೀರು ಹಾಕಿ ಮಲಗಿಸಿದ ಮಗು ಮಧ್ಯಾಹ್ನ ಏಳಲಿಲ್ಲ. ಮೈ ತಣ್ಣಗಾಗಿತ್ತು. ಕಾಯಿಲೆಯಿಲ್ಲ, ಜ್ವರವಿಲ್ಲ.

ಕಾರಣ ತಿಳಿಯದ ಸಾವು. ಪೋಸ್ಟ್ ಮಾರ್ಟಂ ಆಗಲೇಬೇಕಿತ್ತು. ವಿಟ್‌ಕಾಂಬ್ ಮೀಟಿಂಗಿಗೆಂದು ಪರ್ತ್‌ಗೆ ಹೋಗಿದ್ದ. ಇನ್ನೊಬ್ಬ ಡಾಕ್ಟರಿಗೆ ವಹಿಸಬಹುದಿತ್ತು. ಗೊತ್ತಿಲ್ಲದ ಕೈಗಿಂತ ನನ್ನ ಕೈಯೇ ವಾಸಿ ಎಂದುಕೊಂಡು ಅಹಲ್ಯಾ, ನಾಗವೇಣಿಗೆ ಹೇಳಿ, ತಾನೇ ಮಾಡಿದಳು. ಎದೆ ನೋಡಿದಳು, ತಲೆ ನೋಡಿದಳು. ಏನೂ ಸಿಗಲಿಲ್ಲ. ಎಲ್ಲ ಮುಗಿದ ಮೇಲೆ ಸಹಾಯಕಿ ಎಂದಿನಂತೆ ಡಬ್ಬಿ ತಂದು ಪಕ್ಕದಲ್ಲಿಟ್ಟು ಹೋದಳು. ನಂಬರ್ ಆಗಲೇ ಬರೆದಿತ್ತು.

ಅಹಲ್ಯಾ ಸುಮಾರು ಹೊತ್ತು ಆ ಡಬ್ಬಿ ನೋಡುತ್ತ ನಿಂತಳು. ಬೇಡ ಎನ್ನಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಈ ಮಗುವಿಗೆ ಬೇಡ ಎಂದರೆ, ನಾಲ್ಕು ವರ್ಷದಿಂದ ತಾನು ಮೂಳೆ ತೆಗೆದ ಮಕ್ಕಳೆಲ್ಲ ಯಾರು? ಅವಕ್ಕೆ ತಾಯಿ ಇರಲಿಲ್ಲವೇ? ಇಲ್ಲಿ ಕೈ ತಡೆದರೆ ಅಲ್ಲೆಲ್ಲ ಮಾಡಿದ್ದು ತಪ್ಪು ಎಂದು ಒಪ್ಪಿಕೊಂಡ ಹಾಗೆ. ಅದನ್ನು ಒಪ್ಪುವ ಧೈರ್ಯ ಅವಳಿಗೆ ಬರಲಿಲ್ಲ. ಚಾಕು ಎತ್ತಿಕೊಂಡಳು.

ಮಾರನೆಯ ದಿನ ಶವಸಂಸ್ಕಾರದವರ ಕೋಣೆಯಲ್ಲಿ ಐದಾರು ಜನ ಸೇರಿದ್ದರು. ಲಿಂಗರಾಜ ಒಂದು ಚೌಕನೆಯ ಪೆಟ್ಟಿಗೆ ಮಾಡಿಸಿದ್ದ.

"ನಮ್ಮಲ್ಲಿ ಮಲಗಿಸಿ ಮಣ್ಣು ಮಾಡಲ್ಲ ಮೇಡಂ, ಕೂರಿಸ್ತೀವಿ," ಎಂದ ಅಹಲ್ಯಾಗೆ.

ಅದು ಅವಳಿಗೆ ಹೊಳೆದೇ ಇರಲಿಲ್ಲ.

ನಾಗವೇಣಿ ಮಗುವಿನ ಹಣೆಗೆ ವಿಭೂತಿ ಹಚ್ಚಿ, ತೊಡೆಯ ಮೇಲೆ ಕೂರಿಸಿಕೊಂಡು ಕಾಲು ಮಡಚಿದಳು. ಎಡಗಾಲು ಮಡಚಿದ ಹಾಗೆ ನಿಂತಿತು. ಬಲಗಾಲು ನಿಲ್ಲಲಿಲ್ಲ. ಮಡಚಿದಷ್ಟು ಸಲವೂ ಜಾರಿ ಪಕ್ಕಕ್ಕೆ ಬಿತ್ತು, ಬಟ್ಟೆಗೊಂಬೆಯ ಕಾಲಿನ ಹಾಗೆ. ನಾಗವೇಣಿ ಉಡುಪಿನ ಮೇಲಿಂದಲೇ ತೊಡೆ ಮುಟ್ಟಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಅಹಲ್ಯಕ್ಕ, ಈ ಕಾಲು ಯಾಕೆ ಹೀಗಿದೆ?"

"ಶೀತಕ್ಕೆ, ನಾಗವೇಣಿ. ತಣ್ಣಗೆ ಇಟ್ಟಿರ್ತಾರಲ್ಲ, ಒಂದೊಂದು ಸಲ ಹೀಗಾಗುತ್ತೆ."

ಲಿಂಗರಾಜ ಬಗ್ಗಿ ಆ ಕಾಲನ್ನು ಕೈಗೆ ತೆಗೆದುಕೊಂಡ. ಅವನ ಬೆರಳು ತೊಡೆಯ ಮೇಲೆ ಒಂದು ಕಡೆ ನಿಂತಿತು. ತಲೆಯೆತ್ತಿ ಅಹಲ್ಯಾಳನ್ನು ನೋಡಿದ. ಹೆಗಲ ಮೇಲಿನ ಬಿಳಿ ವಸ್ತ್ರ ಹರಿದು ಎರಡೂ ಕಾಲನ್ನು ಸೇರಿಸಿ ಕಟ್ಟಿದ. ಮಗುವಿನ ಅಂಗೈಯಲ್ಲಿ ಲಿಂಗವಿಟ್ಟು ಪೆಟ್ಟಿಗೆಯೊಳಗೆ ಕೂರಿಸಿದರು.

ಆರು ತಿಂಗಳಲ್ಲಿ ಗಂಡಹೆಂಡಿರು ಬ್ರಿಸ್ಬೇನ್‌ಗೆ ಹೊರಟುಹೋದರು. ಲಿಂಗರಾಜನಿಗೆ ಪಕ್ಕದ ಊರು ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಕೆಲಸ, ಮನೆ ಬ್ರಿಸ್ಬೇನ್‌ನ ರನ್‌ಕಾರ್ನ್ ಬಡಾವಣೆಯಲ್ಲಿ. ನಾಗವೇಣಿ ಮಾತ್ರ ಹಬ್ಬಕ್ಕೊಂದು ಕಾಗದ ಬರೆಯುತ್ತಿದ್ದಳು. 'ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ' ಎಂಬ ಸಾಲು ಪ್ರತಿ ಕಾಗದದಲ್ಲೂ ಇರುತ್ತಿತ್ತು. ಬಾಣಂತನದ ಮಾತು ಎಂದುಕೊಂಡು ಅಹಲ್ಯಾ ಕಾಗದವನ್ನು ಬೇಗ ಮಡಚಿಡುತ್ತಿದ್ದಳು.

ಅವಳೂ ಅಡಿಲೇಡ್ ಬಿಟ್ಟು ಪರ್ತ್ ಸೇರಿ, ರಕ್ತ ಪರೀಕ್ಷೆಯ ಒಂದು ಕ್ಲಿನಿಕ್ಕಿನಲ್ಲಿ ಕೂತಳು. ಮೂಳೆ ಸಂಗ್ರಹಿಸುವ ಕೆಲಸ 1978ಕ್ಕೆ ನಿಂತಿತೆಂದು ಕೇಳಿ ತಿಳಿದಳು. ಮರುವರ್ಷ ಅಮೆರಿಕದ ಸ್ಕೈಲ್ಯಾಬ್ ಮುರಿದು ಪರ್ತ್‌ನ ಆಚೆ ಚೆಲ್ಲಾಪಿಲ್ಲಿ ಬಿದ್ದಾಗ ಊರೆಲ್ಲ ಚೂರು ಹುಡುಕುವ ಸಂಭ್ರಮ. ಕ್ಲಿನಿಕ್ಕಿನ ನರ್ಸೊಬ್ಬಳು ಸುಟ್ಟ ತಗಡಿನ ತುಂಡು ತಂದು, "ನಂಬರ್ ಹಾಕಿ ಇಟ್ಕೋತೀನಿ" ಎಂದಳು. ಅಹಲ್ಯಾ ಎದ್ದು ಹೊರಗೆ ಹೋದಳು.

1985ರಲ್ಲಿ ಹಳೆಯ ಅಣುಬಾಂಬ್ ಪರೀಕ್ಷೆಗಳ ಮೇಲೆ ಸರ್ಕಾರದ ವಿಚಾರಣೆ ನಡೆಯುತ್ತಿತ್ತು. ಮರುಭೂಮಿಯಲ್ಲಿ ಕಪ್ಪು ಮಂಜು ಮೈಮೇಲೆ ಬಂತೆಂದು ಮೂಲನಿವಾಸಿಗಳು ಹೇಳಿದ್ದು ಪತ್ರಿಕೆಯಲ್ಲಿ ಬಂತು. ಅಹಲ್ಯಾ ತಾನು ಮಾಡಿದ್ದನ್ನು ಆರು ಹಾಳೆಯಲ್ಲಿ ಬರೆದಳು. ಆದರೆ ನಾಗವೇಣಿಗೆ ತಿಳಿಯುವ ಮೊದಲು ಇನ್ನೊಬ್ಬರು ಅದನ್ನು ಓದುವುದು ಸರಿಯಲ್ಲ ಎನ್ನಿಸಿ, ವಿಮಾನ ಹತ್ತಿ ಬ್ರಿಸ್ಬೇನ್‌ಗೆ ಹೋದಳು.

ಬಾಗಿಲು ತೆಗೆದದ್ದು ಏಳೆಂಟು ವರ್ಷದ ಹುಡುಗಿ, ಎರಡನೆಯ ಮಗಳು ಇಂದಿರಾ. "ಮಮ್, ಯುವರ್ ಫ್ರೆಂಡ್ ಈಸ್ ಹಿಯರ್," ಎಂದು ಕೂಗಿ ಸೈಕಲ್ ಹತ್ತಿ ಹೋದಳು.

"ಬನ್ನಿ ಅಕ್ಕ! ಇವರು ಮಧ್ಯಾಹ್ನದ ಡ್ಯೂಟಿ ಮುಗಿಸಿ ಬಂದ್ಬಿಡ್ತಾರೆ. ಊಟ ಮಾಡಿ ಹೋಗ್ಬೇಕು," ಎಂದಳು ನಾಗವೇಣಿ. ಕೂದಲು ಅರ್ಧ ನೆರೆತಿತ್ತು.

"ಊಟ ಆಮೇಲೆ. ಕೂತ್ಕೋ ನಾಗವೇಣಿ."

ಅಹಲ್ಯಾ ಮುಚ್ಚುಮರೆ ಇಲ್ಲದೆ ಹೇಳಿದಳು. ಡಬ್ಬಿ, ಕಡ್ಡಿ, ಮೂಳೆ ತೆಗೆದ ಕೈ ತನ್ನದು, ಶೀತದ ಮಾತು ಸುಳ್ಳು. ನಾಗವೇಣಿ ಅಳುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದುಕೊಂಡಿದ್ದಳು. ಎರಡೂ ಆಗಲಿಲ್ಲ.

"ಮೂಳೆ ತೆಗೆಯೋ ಮೊದಲು ಕಾಲು ಚೆನ್ನಾಗಿತ್ತಾ?" ಎಂದು ಕೇಳಿದಳು ನಾಗವೇಣಿ.

"ಅಂದ್ರೆ?"

"ಮುರಿದಿತ್ತಾ ಅಂತ ಕೇಳ್ತಿದ್ದೀನಿ."

"ಇಲ್ಲ. ಒಂದು ಬಿರುಕೂ ಇರಲಿಲ್ಲ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ."

ನಾಗವೇಣಿ ತನ್ನ ಎರಡು ಅಂಗೈಗಳನ್ನೇ ನೋಡುತ್ತ ಕೂತಳು. "ಅವತ್ತು ಬೆಳಿಗ್ಗೆ ಕಾಲು ನೀವುವಾಗ ಚಿಟ್ ಅಂದಿತ್ತು ಅಕ್ಕ. ಮಗು ಅತ್ತಿತ್ತು. ಆಮೇಲೆ ಮಣ್ಣು ಮಾಡೋ ದಿನ ತೊಡೆ ಮುಟ್ಟಿದರೆ ಒಳಗೆ ಏನೋ ಅಲ್ಲಾಡ್ತು. ನಾನೇ ಮುರಿದುಬಿಟ್ಟೆ, ಆ ನೋವಿಗೇ ಜೀವ ಹೋಯ್ತು ಅಂದ್ಕೊಂಡೆ. ನೀವು ಅದನ್ನ ಕಂಡೂ ರಿಪೋರ್ಟಲ್ಲಿ ಬರೀದೆ ನನ್ನ ಕಾಪಾಡಿದ್ರಿ ಅಂದ್ಕೊಂಡೆ. ಇಂದಿರಾ ಹುಟ್ಟಿದ ಮೇಲೆ ಅವಳಿಗೆ ಒಂದು ದಿನ ಎಣ್ಣೆ ಹಚ್ಚಲಿಲ್ಲ. ಅವಳ ಕಾಲು ಮುಟ್ಟೋಕೇ ಹೆದರ್ತಿದ್ದೆ."

ಹತ್ತು ವರ್ಷದ ಕಾಗದಗಳಲ್ಲಿದ್ದ ಉಪಕಾರ ಇದು.

"ಆ ಮೂಳೆ ಈಗ ಎಲ್ಲಿದೆ?"

"ಇಲ್ಲ. ಸುಟ್ಟು ಬೂದಿ ಮಾಡಿ ಅಳೀತಾರೆ."

"ನಾವು ಸುಡೋ ಜನ ಅಲ್ಲ ಅಕ್ಕ," ಎಂದಳು ನಾಗವೇಣಿ, ಬಹಳ ಮೆಲ್ಲಗೆ.

ಅಷ್ಟರಲ್ಲಿ ಲಿಂಗರಾಜ ಬಂದ. ಅಹಲ್ಯಾಳನ್ನು ಕಂಡು ಬಾಗಿಲಲ್ಲೇ ನಿಂತ.

"ರೀ, ಕಮಲಾ ಕಾಲಲ್ಲಿ ಮೂಳೆ ಇರಲಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಅವನು ಕಾರಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. "ಕಡ್ಡಿ ಕೈಗೆ ಸಿಕ್ಕಿತ್ತು. ಕಾಯಿಲೆ ಏನಾದ್ರೂ ಹುಡುಕೋಕೆ ತೆಗೆದಿರ್ತಾರೆ ಅಂದ್ಕೊಂಡೆ. ಹೇಳಿದ್ರೆ ನೀನು ತಡ್ಕೊಳ್ಳಲ್ಲ ಅಂತ…"

"ತಡ್ಕೊಂಡಿದ್ದೀನಲ್ಲ! ಹತ್ತು ವರ್ಷ, ಮಗುನ ಕೊಂದೋಳು ನಾನೇ ಅಂತ. ನಿಮ್ಮ ಪಕ್ಕದಲ್ಲೇ ಮಲಗಿ ತಡ್ಕೊಂಡಿದ್ದೀನಲ್ಲ!"

ಲಿಂಗರಾಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಲ್ಲೇ ನೆಲದ ಮೇಲೆ ಕೂತ. ನಾಗವೇಣಿ ಅವನ ಹತ್ತಿರ ಹೋಗಲಿಲ್ಲ. "ನೀವು ಹೋಗಿ ಅಕ್ಕ," ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಹಲ್ಯಾ ಪರ್ತ್‌ಗೆ ಮರಳಿ ಆ ಆರು ಹಾಳೆಗಳನ್ನು ವಿಚಾರಣೆಯ ಕಚೇರಿಗೆ ಕಳಿಸಿದಳು. ಪತ್ರ ತಲುಪಿದೆ ಎಂಬ ಎರಡು ಸಾಲಿನ ಉತ್ತರ ಬಂತು, ಅಷ್ಟೇ.

ನಾಲ್ಕು ತಿಂಗಳಾದ ಮೇಲೆ ನಾಗವೇಣಿಯ ಫೋನ್ ಬಂತು. ಕುಶಲ ಕೇಳಲಿಲ್ಲ.

"ನೀವು ಮೂಳೆ ತೆಗೆದ ಮಕ್ಕಳು ಎಷ್ಟು?"

"ತೊಂಬತ್ತೆರಡು."

"ಅವರ ತಾಯಂದಿರಿಗೆ ಹೇಳಿದ್ದೀರಾ?"

"ಹೆಸರೆಲ್ಲ ಆಸ್ಪತ್ರೆಯವರ ಹತ್ರ ಇದೆ ನಾಗವೇಣಿ. ಕೆಲಸ ಬಿಟ್ಟೋಳಿಗೆ ಕೊಡಲ್ಲ."

"ಅವರಲ್ಲಿ ಯಾರು ಯಾರು ಏನೇನು ಅಂದ್ಕೊಂಡು ಕೂತಿದ್ದಾರೋ," ಎಂದು ನಾಗವೇಣಿ ಫೋನ್ ಇಟ್ಟಳು.

ಅಹಲ್ಯಾ ಆಸ್ಪತ್ರೆಗೆ ಬರೆದಳು. ಕೊಡಲಾಗದು ಎಂದರು. ಮತ್ತೆ ಬರೆದಳು, ಉತ್ತರವೇ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಕಾಗದ ಮುಂದಿಟ್ಟುಕೊಂಡು, ನೆನಪಿದ್ದ ಹೆಸರುಗಳನ್ನಾದರೂ ಬರೆಯೋಣ ಎಂದು ಕೂತಳು. ಮಕ್ಕಳ ತೂಕ ನೆನಪಿತ್ತು, ಎಷ್ಟು ತಿಂಗಳೆಂಬುದು ನೆನಪಿತ್ತು. ಸಂಜೆಯವರೆಗೆ ಕೂತರೂ ಹೆಸರು ಮಾತ್ರ ಹನ್ನೊಂದರ ಮೇಲೆ ಬರಲಿಲ್ಲ.