ಎರಡನೆಯ ಗೋಲ್‌ಕೀಪರ್

ಆ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಲ್ಲರಿಗೂ ಅವನು ಮಾವ. ವಯಸ್ಸು ಮೂವತ್ತೇಳು. ಹೊರಗಿನವರ ಕಣ್ಣಿಗೆ ಇನ್ನೂ ಗಟ್ಟಿಮುಟ್ಟಾದ ಗಂಡಸು, ಡ್ರೆಸ್ಸಿಂಗ್ ರೂಮಿನಲ್ಲಿ ಮಾತ್ರ ಮುದುಕ. ಹನ್ನೊಂದು ವರ್ಷದಿಂದ ಅವನಿಗೆ ಎರಡನೆಯ ಗೋಲ್‌ಕೀಪರ್ ಕೆಲಸ. ಎಂದರೆ ವಾರವಿಡೀ ಎಲ್ಲರ ಜೊತೆ ಬೆವರು ಸುರಿಸುವುದು, ಭಾನುವಾರ ಗ್ಲೌಸ್ ಹಾಕಿಕೊಂಡು ಬೆಂಚಿನ ಮೇಲೆ ಕೂರುವುದು. ಓಡುವ ಆಟಗಾರರಿಗಾದರೆ ಸುಸ್ತಾಗುತ್ತದೆ, ಬದಲಿಯವನಿಗೆ ಅರ್ಧ ಗಂಟೆಯಾದರೂ ಸಿಗುತ್ತದೆ. ಗೋಲ್‌ಕೀಪರ್‌ಗೆ ಬದಲಿ ಬೇಕೆಂದರೆ ಅವನ ಕಾಲೇ ಉಳುಕಬೇಕು, ಇಲ್ಲವೇ ರೆಫರಿ ಕೆಂಪು ಕಾರ್ಡ್ ಎತ್ತಬೇಕು. ಹನ್ನೊಂದು ವರ್ಷದಲ್ಲಿ ಮೂವರು ಮೊದಲ ಗೋಲ್‌ಕೀಪರ್‌ಗಳು ಬಂದು ಹೋದರು. ಮೂವರದೂ ಕಬ್ಬಿಣದ ಕಾಲು, ಮೂವರೂ ಪರಮ ಸಾಧುಗಳು. ಹಾಗಾಗಿ ಮಾವ ಲೀಗಿನಲ್ಲಿ ಆಡಿದ್ದು ಎಲ್ಲಾ ಸೇರಿ ಹದಿನಾಲ್ಕೇ ಪಂದ್ಯ.

ಅದಕ್ಕಾಗಿ ಅವನೇನೂ ಕೊರಗುತ್ತ ಕೂತವನಲ್ಲ. ಮೂರನೇ ಮಹಡಿಯಲ್ಲಿ ಬೆಳಕು ಚೆನ್ನಾಗಿ ಬರುವ ಒಂದು ಮನೆ ಇತ್ತು. ಕೆಳಗಿನ ಬೀದಿಯಲ್ಲಿ ಹೆಂಡತಿಯ ಕನ್ನಡಕದ ಅಂಗಡಿ. ಜೊತೆಗೆ ಅತ್ತೆ. ಮೂವತ್ತು ವರ್ಷ ಮೂಳೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದ ಹೆಂಗಸು. ಫುಟ್‌ಬಾಲ್ ಹುಚ್ಚು ಅಳಿಯನಿಗಿಂತ ಅವರಿಗೇ ಒಂದು ಕೈ ಮೇಲು. ರೇಡಿಯೋದಲ್ಲಿ ಕಾಮೆಂಟರಿ ಶುರುವಾಯಿತೆಂದರೆ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. "ನಮ್ಮ ಅಳಿಯಂದ್ರು ಇವತ್ತೂ ಬಹಳ ಚೆನ್ನಾಗಿ ಕೂತ್ಕೊಂಡ್ರು" ಎಂದು ಪಂದ್ಯ ಮುಗಿದ ಮೇಲೆ ಹೇಳುವರು. ಮಾವ ನಗುವನು. ಆ ನಗುವಿನಲ್ಲಿ ಚೂರು ಹುಳಿ ಇತ್ತು ಅನ್ನುವುದು ಅವನೊಬ್ಬನಿಗೇ ಗೊತ್ತು.

ಆ ವರ್ಷದ ಬೇಸಿಗೆಯಲ್ಲಿ ಹೊಸ ಕೋಚ್ ಬಂದ. ಮಾವನಿಗಿಂತ ಎರಡು ವರ್ಷ ಚಿಕ್ಕವನು, ಮಾತು ಕಡಿಮೆ. ಮೊದಲ ದಿನವೇ ಇಬ್ಬರು ಗೋಲ್‌ಕೀಪರ್‌ಗಳನ್ನೂ ತನ್ನ ಕೋಣೆಗೆ ಕರೆದ. ಮೊದಲನೆಯವನಿಗೆ ಇಪ್ಪತ್ತೆರಡು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ಅದಕ್ಕೇ ಅವನಿಗೆ ಕಂಬ ಎಂದು ಹೆಸರು ಬಿದ್ದಿತ್ತು.

"ಲೀಗ್ ಇವನು ಆಡ್ತಾನೆ," ಎಂದ ಕೋಚ್. "ಕಪ್ ಪಂದ್ಯಗಳೆಲ್ಲ ನಿಮಗೆ. ಎಷ್ಟು ದೂರ ಹೋಗುತ್ತೋ ಅಷ್ಟೂ."

ಮಾವ ತಲೆಯಾಡಿಸಿ ಹೊರಗೆ ಬಂದ. ಕಪ್ ಅಂದರೆ ಸೋತ ದಿನವೇ ಗಂಟುಮೂಟೆ ಕಟ್ಟುವ ಪಂದ್ಯಾವಳಿ. ಅವರ ಕ್ಲಬ್ ಎರಡನೇ ಸುತ್ತು ದಾಟಿ ಒಂಬತ್ತು ವರ್ಷವಾಗಿತ್ತು. ಅಂದರೆ ತನ್ನ ಪಾಲಿಗೆ ಎರಡು ಪಂದ್ಯ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡ. ಎರಡಾದರೆ ಎರಡು.

ಮೊದಲ ಸುತ್ತು ಕೆಳದರ್ಜೆಯ ಒಂದು ತಂಡದ ಮೇಲೆ, ಬಸ್ ಡಿಪೋದ ಹಿಂದಿದ್ದ ಅಂಗೈಯಗಲದ ಮೈದಾನದಲ್ಲಿ. ಹಿಂದಿನ ದಿನ ಮಳೆಯಾಗಿ ಗೋಲಿನ ಮುಂದೆ ಎಮ್ಮೆ ಹೊರಳುವಂಥ ಕೆಸರು. ಹತ್ತನೇ ನಿಮಿಷದಲ್ಲೇ ಮಾವ ಜಾರಿ ಬಿದ್ದ. ಚೆಂಡು ಅವನ ಹೊಟ್ಟೆಯ ಕೆಳಗೆ ನುಸುಳಿ ಒಳಗೆ ಹೋಯಿತು. ಗೋಡೆಯ ಮೇಲೆ ಕೂತಿದ್ದ ಡ್ರೈವರುಗಳು ಕಂಡಕ್ಟರುಗಳು ಕೇಕೆ ಹಾಕಿದರು. "ಎದ್ದೇಳಿ ಸಾರ್, ಸ್ಟಾಪ್ ಬಂತು!" ಎಂದು ಒಬ್ಬ ಕೂಗಿದ. ಬಿದ್ದಲ್ಲೇ ಮಾವನಿಗೂ ನಗು ಬಂತು. ಆ ನಗು ಬಂದಿದ್ದೇ ಒಳ್ಳೆಯದಾಯಿತು. ಮೈಯೆಲ್ಲ ಸಡಿಲವಾಗಿ ಆಮೇಲೆ ಒಂದು ಚೆಂಡನ್ನೂ ಬಿಡಲಿಲ್ಲ. ಎರಡು-ಒಂದರಿಂದ ಗೆದ್ದರು. ಎರಡನೇ ಸುತ್ತನ್ನೂ ಗೆದ್ದರು. ಮೂರನೆಯದು ಪೆನಾಲ್ಟಿಗೆ ಹೋಯಿತು. ಅಲ್ಲಿ ಮಾವ ಎರಡು ಒದೆತ ತಡೆದ. ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತು ಅವನು ಆಕಳಿಸುತ್ತಿರಲಿಲ್ಲ. ಒದೆಯುವವರ ಸೊಂಟ ಯಾವ ಕಡೆ ತಿರುಗುತ್ತದೆ, ಯಾರು ಓಡಿ ಬರುವಾಗ ಒಂದು ಹೆಜ್ಜೆ ನುಂಗುತ್ತಾರೆ ಅನ್ನುವುದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದ. ಆ ನೋಡಿದ್ದೆಲ್ಲ ಈಗ ಕೈಗೆ ಬಂತು.

ಕಪ್ಪಿನಲ್ಲಿ ಹೀಗೆ ಮಿಂಚುತ್ತಿದ್ದ ತಂಡ ಲೀಗಿನಲ್ಲಿ ಮಾತ್ರ ಕುಂಟುತ್ತಿತ್ತು. ಚಳಿಗಾಲದ ನಡುವೆ ಪಟ್ಟಿಯ ತಳದಿಂದ ನಾಲ್ಕನೇ ಜಾಗ. ಕೊನೆಯ ಮೂರು ತಂಡಗಳು ಕೆಳದರ್ಜೆಗೆ ಬೀಳುತ್ತಿದ್ದವು. ಅಂಥ ಹೊತ್ತಿನಲ್ಲಿ ಒಂದು ಭಾನುವಾರ, ಎದುರಾಳಿಯೊಬ್ಬ ದೂರದಿಂದ ಮೆಲ್ಲಗೆ ತಳ್ಳಿದ ಚೆಂಡು ಕಂಬನ ಎರಡು ಕಾಲುಗಳ ನಡುವೆ ಉರುಳಿ ಗೋಲಾಯಿತು. ಕೂಸು ಕೂಡ ಹಿಡಿಯಬಹುದಾದ ಚೆಂಡು. ಇಡೀ ಮೈದಾನ ಬಾಯಿಗೆ ಬಂದಂತೆ ಬೈಯತೊಡಗಿತು. ಬೆಂಚಿನ ಮೇಲಿದ್ದ ಮಾವನ ಎದೆಯಲ್ಲಿ ಏನೋ ಚಿಗುರಿದ ಹಾಗಾಯಿತು. ಅದು ಸಂತೋಷ ಎಂದು ಗೊತ್ತಾದಾಗ ಅವನಿಗೇ ನಾಚಿಕೆಯಾಗಿ, ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ.

ಮಂಗಳವಾರ ಕೋಚ್ ಕರೆದ. "ಹುಡುಗ ಕಂಗೆಟ್ಟಿದ್ದಾನೆ. ಈ ಭಾನುವಾರದಿಂದ ಲೀಗೂ ನೀವೇ ಆಡಿ."

ಹನ್ನೊಂದು ವರ್ಷದಿಂದ ಕೇಳಬೇಕೆಂದಿದ್ದ ಮಾತು. ಮಾವ ಬೇಡ ಅನ್ನಲಿಲ್ಲ. ಯಾಕೆ ಅನ್ನಬೇಕು? ಮನೆಗೆ ಬಂದು ಒಂದೇ ಉಸಿರಿಗೆ ಮೂರು ಮಹಡಿ ಹತ್ತಿದ. ಹೆಂಡತಿ ಅಂಗಡಿ ಅರ್ಧಕ್ಕೆ ಮುಚ್ಚಿ ಮೇಲೆ ಬಂದಳು. ಅತ್ತೆ ರೇಡಿಯೋ ಆರಿಸಿ, "ಇನ್ನು ಮೇಲೆ ನಾನು ಯಾರನ್ನ ಆಡ್ಕೊಳ್ಳಲಿ?" ಎಂದರು, ಕಣ್ಣು ಮಾತ್ರ ತುಂಬಿತ್ತು.

ಮೊದಲ ಪಂದ್ಯ ಗೆದ್ದರು. ಮುಂದಿನ ಎರಡು ಡ್ರಾ. ನಡುವೆ ಒಂದು ಬುಧವಾರ ಕಪ್ಪಿನ ಕ್ವಾರ್ಟರ್ ಫೈನಲ್, ಅದನ್ನೂ ಗೆದ್ದರು. ಪೇಪರಿನಲ್ಲಿ ಮಾವನ ಫೋಟೋ ಬಂತು. ತರಕಾರಿ ಅಂಗಡಿಯವನು ಕೈಕುಲುಕಿದ. ಆದರೆ ಭಾನುವಾರ, ಬುಧವಾರ, ಮತ್ತೆ ಭಾನುವಾರ ಎಂದು ಆಡಿದ್ದಕ್ಕೆ ಮಂಡಿಗಳು ತಕರಾರು ತೆಗೆಯತೊಡಗಿದವು. ಬೆಳಿಗ್ಗೆ ಮಂಚದಿಂದ ಇಳಿಯಲು ಗೋಡೆ ಬೇಕಾಯಿತು. ಮೆಟ್ಟಿಲನ್ನು ಒಂದೊಂದೇ, ಅಡ್ಡಡ್ಡವಾಗಿ, ಏಡಿಯ ಹಾಗೆ ಇಳಿಯುತ್ತಿದ್ದ. ನಾಲ್ಕನೇ ಲೀಗ್ ಪಂದ್ಯದಲ್ಲಿ ಎರಡು ಚೆಂಡು ಅವನ ಬಲಗೈಯ ಆಚೆ ಹೋದವು. ಹೋದ ವರ್ಷವಾಗಿದ್ದರೆ ಎರಡಕ್ಕೂ ಕೈ ಎಟುಕುತ್ತಿತ್ತು. ಸೋತರು.

ಆವತ್ತು ಸಂಜೆ ಅಡಿಗೆಮನೆಯಲ್ಲಿ ಅತ್ತೆ ಬಿಸಿನೀರಿನ ಚೀಲ ಹಿಡಿದು ಅವನೆದುರು ಸ್ಟೂಲ್ ಎಳೆದುಕೊಂಡು ಕೂತರು. ಮಂಡಿಚಿಪ್ಪಿನ ಸುತ್ತ ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಇನ್ನೊಂದು ಮಂಡಿಯನ್ನೂ ಹಾಗೇ ಒತ್ತಿದರು. ಬಾಯಲ್ಲಿ ಒಂದು ತಮಾಷೆಯೂ ಇಲ್ಲ, ಮಾವನಿಗೆ ಅಷ್ಟರಲ್ಲೇ ಅರ್ಥವಾಯಿತು.

"ಹೇಳಿ ಅತ್ತೆ."

"ವಾರಕ್ಕೊಂದು ಪಂದ್ಯ ಆದ್ರೆ ಈ ಮಂಡಿ ತಡೆಯುತ್ತೆ. ಎರಡು ಆಡಿದ್ರೆ ಸೆಮಿಫೈನಲ್ ಹೊತ್ತಿಗೆ ನೀವು ನನ್ನ ಹಳೇ ವಾರ್ಡಲ್ಲಿ ಇರ್ತೀರ. ಅಲ್ಲಿ ಹಾಸಿಗೆ ಬೇರೆ ಸಣ್ಣದು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು, "ಆಡಬೇಕು ಅಂತ ಎಷ್ಟು ವರ್ಷದಿಂದ ಕಾದಿದ್ರಿ. ಬಿಡಕ್ಕೆ ಮನಸ್ಸು ಬರುತ್ತಾ?"

"ಬರಲ್ಲ," ಎಂದ ಮಾವ. ಬಿಸಿನೀರಿನ ಚೀಲವನ್ನು ಮಂಡಿಗೆ ಒತ್ತಿಕೊಂಡು ಮತ್ತೆ ಹೇಳಿದ, "ಆದ್ರೆ ಇವತ್ತು ಹೋದ ಆ ಎರಡು ಗೋಲು, ಅವನು ಇದ್ದಿದ್ರೆ ಹೋಗ್ತಿರಲಿಲ್ಲ."

ಮರುದಿನ ಅವನು ಮೊದಲು ಹೋದದ್ದು ಕೋಚ್ ಹತ್ತಿರವಲ್ಲ, ಕಂಬನ ಹತ್ತಿರ. ಕಂಬ ಒಂದು ತಿಂಗಳಿಂದ ಮುಖ ಊದಿಸಿಕೊಂಡು ಬೂಟಿನ ಕೋಣೆಯಲ್ಲಿ ಒಬ್ಬನೇ ಕೂತು ಊಟ ಮಾಡುತ್ತಿದ್ದ. ಮಾವ ತನ್ನ ಡಬ್ಬಿಯನ್ನೂ ಅಲ್ಲಿಗೇ ತಂದು ಪಕ್ಕದಲ್ಲಿ ಬಿಚ್ಚಿದ.

"ಬೆಂಚಿನ ಮೇಲೆ ಕೂತು ಏನು ನೋಡ್ತೀಯ?" ಎಂದು ಕೇಳಿದ.

"ಏನೂ ಇಲ್ಲ. ಜನ ನನ್ನ ನೋಡ್ತಿದ್ದಾರಾ ಅಂತ ನೋಡ್ತೀನಿ."

"ನಾನೂ ಮೊದಲ ವರ್ಷ ಅದನ್ನೇ ನೋಡ್ತಿದ್ದೆ. ಯಾರೂ ನೋಡಲ್ಲ ಕಣೋ. ಬೆಂಚಿನ ಮೇಲಿರೋನು ಅವರಿಗೆ ಬೆಂಚಿನ ಥರಾನೇ."

ಕಂಬನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ಗೊತ್ತಾಗಲಿಲ್ಲ. ಕೊನೆಗೆ ನಗುವೇ ಬಂತು. ಮಾವ ತನ್ನ ಎಡಮಂಡಿಯ ಪಟ್ಟಿ ಬಿಚ್ಚಿ ತೋರಿಸಿದ. ಹಲಸಿನಕಾಯಿಯ ಹಾಗೆ ಊದಿತ್ತು.

"ಲೀಗಿಗೆ ನೀನು ವಾಪಸ್ ಬರಬೇಕು. ನನ್ನ ಕೈಲಿ ಎರಡೂ ಆಗಲ್ಲ."

ಕಂಬ ತುತ್ತನ್ನು ಡಬ್ಬಿಯಲ್ಲೇ ಬಿಟ್ಟ. "ಮತ್ತೆ ಕಾಲ ಸಂದಿಲಿ ಹೋದ್ರೆ, ಮಾವ?"

"ಹೋದ್ರೆ ಹೋಗುತ್ತೆ. ನನಗೆ ಹೊಟ್ಟೆ ಕೆಳಗೆ ಹೋಗಿರಲಿಲ್ವಾ? ಡಿಪೋದವರು ಇವತ್ತಿಗೂ ನನಗೆ ಬಸ್ಸಲ್ಲಿ ಸೀಟು ಬಿಟ್ಟುಕೊಡ್ತಾರೆ, ಪಾಪ ಬಿದ್ದುಬಿಡ್ತಾನೆ ಅಂತ."

ಆಮೇಲೆ ಅವನು ಕೋಚ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮಾತು ಕಡಿಮೆಯ ಆ ಮನುಷ್ಯ ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡು, "ಇಂಥ ಮಾತು ಹೇಳಕ್ಕೆ ಯಾರೂ ಈ ಕೋಣೆಗೆ ಬಂದಿರಲಿಲ್ಲ," ಎಂದ. ಎದ್ದು ತಾನೇ ಬಾಗಿಲು ತೆರೆದ.

ಅಂದಿನಿಂದ ಇಬ್ಬರ ಅಭ್ಯಾಸವೂ ಒಟ್ಟಿಗೆ ನಡೆಯಿತು. ಬೆಳಿಗ್ಗೆ ಮೈದಾನಕ್ಕೆ ನೀರು ಹಾಕುವವನಿಗಿಂತ ಮೊದಲೇ ಬರುತ್ತಿದ್ದರು. ಮಾವ ಒಂದು ಕುರ್ಚಿ ಹಾಕಿಕೊಂಡು ಕೂತು ಕೈಯಿಂದಲೇ ಚೆಂಡು ಉರುಳಿಸುತ್ತಿದ್ದ. ಬರೀ ಮೆಲ್ಲನೆಯ ಚೆಂಡು, ನೂರಲ್ಲ ಇನ್ನೂರು. ಕಂಬ ಪ್ರತಿಯೊಂದಕ್ಕೂ ಮಂಡಿಯೂರಿ ಎದೆಗೊತ್ತಿಕೊಳ್ಳಬೇಕು. "ಹಾರೋ ಚೆಂಡು ನಿನ್ನ ಎತ್ತರಕ್ಕೆ ಹೆದರುತ್ತೆ. ಉರುಳೋ ಚೆಂಡಿಗೆ ಮರ್ಯಾದೆ ಕೊಡೋದು ಕಲಿ," ಎನ್ನುತ್ತಿದ್ದ. ಮೊದಲ ಭಾನುವಾರ ಕಂಬ ಮೈದಾನಕ್ಕಿಳಿದಾಗ ಜನ ಗೇಲಿ ಮಾಡಿ ಕೂಗಿದರು. ಎರಡನೇ ಭಾನುವಾರ ಸುಮ್ಮನಿದ್ದರು. ಮೂರನೇ ಭಾನುವಾರ ಅವನೊಂದು ಚೆಂಡನ್ನು ಮೂಲೆಯಿಂದ ಎತ್ತಿ ಹೊರಹಾಕಿದಾಗ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಾವ ಬೆಂಚಿನ ಮೇಲಿಂದ ಎಲ್ಲರಿಗಿಂತ ಮೊದಲು ಎದ್ದಿದ್ದ. ಈ ಸಲ ಎದೆಯಲ್ಲಿ ಚಿಗುರಿದ ಸಂತೋಷಕ್ಕೆ ಅವನು ತಲೆ ತಗ್ಗಿಸಬೇಕಾಗಿರಲಿಲ್ಲ.

ಸೆಮಿಫೈನಲ್ ಒಂದು-ಸೊನ್ನೆ. ಮಾವನಿಗೆ ಅಷ್ಟೇನೂ ಕೆಲಸವಿರಲಿಲ್ಲ. ಒಂದು ಕಾರ್ನರ್ ಗುದ್ದಿ ಹೊರಹಾಕಿದ್ದು ಬಿಟ್ಟರೆ ಉಳಿದದ್ದನ್ನೆಲ್ಲ ಮುಂದಿನವರೇ ನೋಡಿಕೊಂಡರು. ಲೀಗಿನ ಕೊನೆಯ ದಿನ, ಕೆಳದರ್ಜೆಗೆ ಬೀಳದೆ ಉಳಿಯಲು ಒಂದು ಡ್ರಾ ಬೇಕಿತ್ತು. ಕೊನೆಯ ಇಪ್ಪತ್ತು ನಿಮಿಷ ಎದುರಾಳಿಗಳು ಮುತ್ತಿಗೆ ಹಾಕಿದರು. ಕಂಬ ಬಿದ್ದ, ಎದ್ದ, ಒಮ್ಮೆ ಮುಖದಿಂದಲೇ ಚೆಂಡು ತಡೆದು ಮೂಗಿನಿಂದ ರಕ್ತ ಸುರಿಸಿದ. ಸೊನ್ನೆ-ಸೊನ್ನೆ. ಸೀಟಿ ಊದಿದಾಗ ಕಂಬ ನೇರವಾಗಿ ಬೆಂಚಿಗೆ ಓಡಿ ಬಂದು ಮಾವನನ್ನು ಸೊಂಟ ಹಿಡಿದು ಎತ್ತಿದ. "ಮಂಡಿ ಕಣೋ, ಮಂಡಿ!" ಎಂದು ಮಾವ ಕೂಗಿಕೊಂಡದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಫೈನಲ್‌ನಲ್ಲಿ ಎದುರಿಗಿದ್ದದ್ದು ದೇಶದ ಅತಿ ದೊಡ್ಡ ಕ್ಲಬ್. ಆ ದಿನ ಅತ್ತೆ ರೇಡಿಯೋ ಬಿಟ್ಟು ಮೊದಲ ಬಾರಿಗೆ ಮೈದಾನಕ್ಕೆ ಬಂದಿದ್ದರು. ಹೆಂಡತಿ ಅಂಗಡಿಯಿಂದ ತಾಯಿಗೆ ದೂರ ಕಾಣುವ ಹೊಸ ಕನ್ನಡಕ ಮಾಡಿಸಿ ತಂದಿದ್ದಳು. ಐವತ್ತು ಸಾವಿರ ಜನ. ಡ್ರೆಸ್ಸಿಂಗ್ ರೂಮಿನಿಂದ ಹೊರಡುವ ಮುಂಚೆ ಕಂಬನೇ ಕೂತು ಮಾವನ ಮಂಡಿಗೆ ಪಟ್ಟಿ ಸುತ್ತಿದ.

ಅರ್ಧ ಗಂಟೆಗೆ ಒಂದು ಗೋಲು ಬಿತ್ತು. ಯಾರ ಕೈಯಲ್ಲೂ ತಡೆಯಲಾಗದ ಹೊಡೆತ. ಎರಡನೇ ಅರ್ಧದಲ್ಲಿ ನಮ್ಮವರು ಸಮ ಮಾಡಿದರು. ಆಮೇಲೆ ಪೆನಾಲ್ಟಿ ಬಂತು, ಅವರಿಗೆ. ಒದೆಯಲು ಬಂದವನು ದೇಶಕ್ಕೇ ಗೊತ್ತಿದ್ದ ಆಟಗಾರ. ಓಡಿ ಬರುವಾಗ ಅವನು ಒಂದು ಹೆಜ್ಜೆ ನುಂಗಿದ. ಮಾವ ಎಡಕ್ಕೆ ಹಾರಿದ. ಚೆಂಡು ಎರಡೂ ಅಂಗೈಗೆ ಬಡಿದು ಗೋಲಿನಿಂದ ಆಚೆ ಹೋಯಿತು. ಐವತ್ತು ಸಾವಿರ ಜನ ಒಟ್ಟಿಗೆ ಕೂಗಿದರೆ ಆ ಸದ್ದು ಕಿವಿಗಲ್ಲ, ಎದೆಗೂಡಿಗೆ ಕೇಳಿಸುತ್ತದೆ ಎಂದು ಅವನಿಗೆ ಆಗ ತಿಳಿಯಿತು. ಹುಲ್ಲಿನ ಮೇಲೆ ಮಲಗಿದ್ದಲ್ಲೇ ಅದನ್ನು ಒಂದು ಗಳಿಗೆ ಪೂರ್ತಿಯಾಗಿ ಕೇಳಿಸಿಕೊಂಡ.

ಪಂದ್ಯ ಮುಗಿಯಲು ಆರು ನಿಮಿಷವಿದ್ದಾಗ ಅವರು ಇನ್ನೊಂದು ಹೊಡೆದರು. ಚೆಂಡು ಮಾವನ ಬೆರಳ ತುದಿ ಸವರಿಕೊಂಡೇ ಹೋಯಿತು. ಎರಡು-ಒಂದು.

ಸೋತವರಿಗೂ ಒಂದೊಂದು ಪದಕ ಕೊಟ್ಟರು. ಹಲವರು ಅತ್ತರು. ಮಾವನಿಗೆ ಅಳು ಬರಲಿಲ್ಲ. ಬರಬಹುದೆಂದು ಸ್ವಲ್ಪ ಕಾದು ನೋಡಿದ, ಬರಲೇ ಇಲ್ಲ. ಹೊಟ್ಟೆ ತುಂಬ ಉಂಡೆದ್ದ ಮೇಲಿನ ಸಮಾಧಾನದಂಥದ್ದು ಏನೋ ಮೈಯಲ್ಲಿ ಹರಡಿತ್ತು. ಮಂಡಿ ಮಾತ್ರ ಬೆಂಕಿಯಂತೆ ಉರಿಯುತ್ತಿತ್ತು.

ಹೊರಗೆ ಬಸ್ಸಿನ ಹತ್ತಿರ ಹೆಂಡತಿ ಅವನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದಳು, ಎಲ್ಲವೂ ನೆಟ್ಟಗಿವೆಯೇ ಎಂದು. ಅಷ್ಟರಲ್ಲಿ ಕೋಚ್ ಬಂದ. ಇನ್ನೊಂದು ವರ್ಷ ಇರುತ್ತೀರಾ ಎಂದು ಕೇಳಿದ. ಕಪ್ ಆಡುವುದು, ಉಳಿದ ದಿನ ಬೆಳಿಗ್ಗೆ ಕಂಬನ ಜೊತೆ ಆ ಕುರ್ಚಿಯ ಅಭ್ಯಾಸ.

"ಮನೇಲಿ ಕೇಳಿ ಹೇಳ್ತೀನಿ," ಎಂದ ಮಾವ.

"ಮನೆ ಇಲ್ಲೇ ನಿಂತಿದೆಯಲ್ಲ!" ಎಂದರು ಹಿಂದಿನಿಂದ ಅತ್ತೆ. ಕೋಚ್‌ನನ್ನು ಹೊಸ ಕನ್ನಡಕದೊಳಗಿಂದ ಮೇಲಿನಿಂದ ಕೆಳಗಿನವರೆಗೂ ನೋಡಿ ಹೇಳಿದರು, "ಇರ್ತಾರೆ. ಆದ್ರೆ ಒಂದು ವಿಷಯ. ವಾರಕ್ಕೆ ಒಂದೇ ಪಂದ್ಯ. ಇನ್ನೊಂದು ಸಲ ಆ ಮಂಡಿ ಊದಿಸಿ ಕಳಿಸಿದ್ರೆ, ನಾನೇ ಬಂದು ನಿಮ್ಮ ಬೆಂಚಲ್ಲಿ ಕೂತ್ಕೋತೀನಿ."

ಮಾತು ಕಡಿಮೆಯ ಕೋಚ್, "ಆಗಲಿ ಅಮ್ಮ" ಎಂದು ಕೈಮುಗಿದ.